ಕಪ್ಪೆ ಕಾಣುವ ಖಾತರಿ ನಮಗೆ ಬೇಡ



ಜುಲೈ ತಿಂಗಳ ಶಾಲಾ ರಜೆ ಬಂತೆಂದರೆ ನ್ಯೂಜಿಲೆಂಡಿನ ಕನ್ನಡ ಕುಟುಂಬಗಳಲ್ಲಿ ಹಲವು ಊರಿನ ವಿಮಾನವೇರುತ್ತವೆ. ಮಲೆನಾಡಿನಲ್ಲಿ ಆಗ ಮಳೆಗಾಲ ಬಲಿತಿರುತ್ತದೆ. ಆಗುಂಬೆಯ ಸುತ್ತಮುತ್ತ ರಾತ್ರಿ ಟಾರ್ಚ್ ಹಿಡಿದು ಕಪ್ಪೆ ನೋಡಲು ಹೊರಡುವ ಕಾಲವೂ ಅದೇ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಇಂಬಳ ಕಚ್ಚಿಸಿಕೊಂಡು ಆ ವಟಗುಟ್ಟುವಿಕೆಯನ್ನು ಕೇಳಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ನಮ್ಮ ತಕರಾರು ಇರುವುದು ಹೊರಡುವ ಮುನ್ನ ನಾವು ಕೇಳುವ ಒಂದು ಪ್ರಶ್ನೆಯ ಬಗ್ಗೆ: "ಕಪ್ಪೆ ಕಾಣಿಸುತ್ತದೆ ತಾನೇ?"

ಖಾತರಿ ಕೊಟ್ಟ ಮಾರ್ಗದರ್ಶಿ ಅದನ್ನು ಉಳಿಸಿಕೊಳ್ಳಲೇಬೇಕು. ಆದ್ದರಿಂದ ಅವನು ಹಳ್ಳದ ಕಲ್ಲನ್ನು ಮಗುಚುತ್ತಾನೆ, ಕೊಳೆತ ದಿಮ್ಮಿಯನ್ನು ಉರುಳಿಸುತ್ತಾನೆ, ಸಿಕ್ಕ ಕಪ್ಪೆಯನ್ನು ಚಿತ್ರಕ್ಕೆ ಒಪ್ಪುವ ಎಲೆಯ ಮೇಲೆ ತಂದಿಡುತ್ತಾನೆ. ಅವನನ್ನು ದೂರುವುದು ಸುಲಭ. ಆದರೆ ಚಿತ್ರ ಚೆನ್ನಾಗಿ ಬಂದ ರಾತ್ರಿ ಹೆಚ್ಚಿನ ಭಕ್ಷೀಸು ಕೊಡುವವರು ನಾವು. ಬೇಡಿಕೆ ನಮ್ಮದಾದ ಮೇಲೆ ಹೊಣೆಯೂ ನಮ್ಮದೇ.

ಕುಂಬಾರ ಕಪ್ಪೆಯನ್ನೇ ನೋಡಿ. ಡಾ. ಕೆ. ವಿ. ಗುರುರಾಜ ಮತ್ತು ಅವರ ಸಂಗಡಿಗರು 2014ರಲ್ಲಿ ಲೋಕಕ್ಕೆ ಪರಿಚಯಿಸಿದ ಈ ಇರುಳುಗಪ್ಪೆಯ ವೈಜ್ಞಾನಿಕ ಹೆಸರಿನಲ್ಲೇ ನಮ್ಮ 'ಕುಂಬಾರ' ಕುಳಿತಿದ್ದಾನೆ. ಹೆಣ್ಣು ಮೊಟ್ಟೆಯಿಟ್ಟ ಬಳಿಕ ಗಂಡು ಹಳ್ಳದ ತಳದಿಂದ ಕೆಸರನ್ನು ಮುಂಗೈಗಳಲ್ಲಿ ಬಾಚಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಈ ಕೆಲಸ ನಡೆಯುವುದು ಮೊಣಕಾಲು ಮುಳುಗದ ನೀರಿನಲ್ಲಿ, ನಮ್ಮ ಗಂಬೂಟುಗಳು ಕಲಕುವ ಜಾಗದಲ್ಲಿಯೇ. ಹತ್ತು ಮಂದಿ ಹಳ್ಳಕ್ಕಿಳಿದರೆ ಕುಂಬಾರನ ಕೆಸರೂ ಕದಡುತ್ತದೆ, ಮೆತ್ತಿದ ಮೊಟ್ಟೆಯೂ ಉಳಿಯುವ ಭರವಸೆಯಿಲ್ಲ. ದಡದಲ್ಲಿ ನಿಂತರೆ ಕಾಣುವುದು ಕಡಿಮೆಯೇ. ನಿಲ್ಲಬೇಕಾದದ್ದು ಮಾತ್ರ ದಡದಲ್ಲಿ.

"ನಾವು ಗದ್ದೆಯಲ್ಲಿ ಕಪ್ಪೆ ಹಿಡಿದು ಆಡಿದವರಲ್ಲವೇ? ಮುಟ್ಟದೆ ಮಕ್ಕಳಿಗೆ ಪ್ರೀತಿ ಹುಟ್ಟುವುದು ಹೇಗೆ?" ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಗದ್ದೆಯ ಕಪ್ಪೆಯನ್ನು ಹಿಡಿದದ್ದು ಊರಿನ ಒಬ್ಬಿಬ್ಬರು ಹುಡುಗರು. ಇಂದು ಅದೇ ಹಳ್ಳಕ್ಕೆ ಮಳೆಗಾಲವಿಡೀ ಗುಂಪಿನ ಮೇಲೆ ಗುಂಪು ಬರುತ್ತದೆ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಜೀವಿ; ನಮ್ಮ ಕೈಗೆ ಬಳಿದ ಸೊಳ್ಳೆ ಔಷಧ, ಸನ್‌ಸ್ಕ್ರೀನ್ ಆ ಚರ್ಮದ ಮೂಲಕ ಒಳಹೋಗಬಲ್ಲವು. ಪ್ರೀತಿಗೆ ಮುಟ್ಟಲೇಬೇಕೆಂದಿದ್ದರೆ ನಕ್ಷತ್ರವನ್ನು ಯಾರೂ ಪ್ರೀತಿಸುತ್ತಿರಲಿಲ್ಲ.

ನಾವು ನೆಲೆಸಿರುವ ಈ ದೇಶದ ಸ್ಥಿತಿ ಇನ್ನೂ ನಾಜೂಕಾದುದು. ಮಾವೋರಿಗಳು 'ಪೆಪೆಕೆಟುವಾ' ಎನ್ನುವ ಇಲ್ಲಿನ ಮೂಲ ಕಪ್ಪೆಗಳು ವಟಗುಟ್ಟುವುದಿಲ್ಲ. ಅವುಗಳಿಗೆ ಹೊರಕಿವಿಯ ತಮಟೆಯೂ ಇಲ್ಲ. ಆರ್ಚಿ ಕಪ್ಪೆಗೆ ನೀರಿನಲ್ಲಿ ಈಜಾಡುವ ಗೊದಮೊಟ್ಟೆಯ ಹಂತವಿಲ್ಲ. ಮೊಟ್ಟೆಯೊಡೆದ ಮರಿಗಳನ್ನು ತಂದೆ ಬೆನ್ನ ಮೇಲೆ ಹೊರುತ್ತದೆ. ಕೊರೊಮಂಡೆಲ್‌ನ ಅಧ್ಯಯನ ಪ್ರದೇಶವೊಂದರಲ್ಲಿ 1996ರಿಂದ 2001ರೊಳಗೆ ಈ ಕಪ್ಪೆಗಳ ಸಂಖ್ಯೆ ಶೇ. 88ರಷ್ಟು ಕುಸಿಯಿತು. ಶಂಕೆ ಬಿದ್ದದ್ದು ಕೈಟ್ರಿಡ್ ಎಂಬ ಶಿಲೀಂಧ್ರದ ಮೇಲೆ. ಒದ್ದೆ ಮಣ್ಣು, ಒದ್ದೆ ಬೂಟು ಅದಕ್ಕೆ ವಾಹನ. 1953ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿರುವ ಈ ಜೀವಿಗಳನ್ನು ಅನುಮತಿಯಿಲ್ಲದೆ ಹಿಡಿಯುವುದು ಅಪರಾಧ. ಆದುದರಿಂದ ವೈಟಾಕೆರೆ ಬೆಟ್ಟಸಾಲಿನ ತೊರೆಗಳಲ್ಲಿ ಹಾಕ್‌ಸ್ಟೆಟರ್ ಕಪ್ಪೆಗಾಗಿ ಕಲ್ಲೆತ್ತಿ ನೋಡುವ ವಾರಾಂತ್ಯದ ಉತ್ಸಾಹ ನಮಗೆ ಬೇಡವೇ ಬೇಡ. ನೋಡಲೇಬೇಕೆನ್ನುವವರಿಗೆ ಆಕ್ಲೆಂಡ್ ಮೃಗಾಲಯವಿದೆ. 2006ರಲ್ಲಿ ಮೌಡ್ ದ್ವೀಪದಿಂದ ಕಪ್ಪೆಗಳನ್ನು ತಂದು ಬಿಟ್ಟ, ವೆಲ್ಲಿಂಗ್ಟನ್‌ನ ಝೀಲ್ಯಾಂಡಿಯಾ ಇದೆ.

ಇಲ್ಲೊಂದು ಇಬ್ಬಗೆ ನಮ್ಮನ್ನು ಕಾಡುತ್ತದೆ. ಊರಿನಿಂದ ಮರಳುವಾಗ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಬೂಟಿಗೆ ಮಣ್ಣು ಮೆತ್ತಿದ್ದರೆ ತಿಳಿಸಬೇಕು, ತಪ್ಪಿದರೆ ದಂಡ. ನಾವು ವಿಧೇಯರಾಗಿ ತಿಳಿಸುತ್ತೇವೆ. ವೈಟಾಕೆರೆಯ ಕಾಲುದಾರಿಗಳಲ್ಲಿ ಕೌರಿ ಮರಗಳಿಗೆ ರೋಗ ತಗಲದಿರಲೆಂದು ಬೂಟನ್ನು ಉಜ್ಜಿ, ಔಷಧಿ ಸಿಂಪಡಿಸಿ, ಮಕ್ಕಳಿಗೂ ಅದನ್ನೇ ಕಲಿಸುತ್ತೇವೆ. ಅದೇ ನಾವು ಇಲ್ಲಿಂದ ಹೊರಡುವಾಗ ಯಾರೂ ಕೇಳುವುದಿಲ್ಲವೆಂಬ ಒಂದೇ ಕಾರಣಕ್ಕೆ ಇಲ್ಲಿನ ಕೆಸರನ್ನು ಹೊತ್ತು ಪಶ್ಚಿಮಘಟ್ಟದ ಹಳ್ಳಕ್ಕೆ ಕಾಲಿಡುತ್ತೇವೆ. ಕೈಟ್ರಿಡ್ ಅಲ್ಲಿಯೂ ದಾಖಲಾಗಿದೆ, ಇನ್ನೇನು ತೊಳೆಯುವುದು ಎನ್ನುವವರಿಗೆ ನಮ್ಮ ಉತ್ತರ: ಮನೆಯಲ್ಲಿ ಒಬ್ಬನಿಗೆ ಜ್ವರವಿದೆಯೆಂದು ಹೊರಗಿನ ಜ್ವರಕ್ಕೆ ಬಾಗಿಲು ತೆರೆದಿಡುವುದಿಲ್ಲ.

ಹಾಗಾದರೆ ಮಾರ್ಗದರ್ಶಿಗಳ ಹೊಟ್ಟೆಪಾಡು? ಅದು ನಿಜವಾದ ಪ್ರಶ್ನೆ. ಮಳೆಗಾಲದಲ್ಲಿ ಮಲೆನಾಡಿನ ಮನೆಗಳಿಗೆ ಈ ಆದಾಯ ಬೇಕು. ದುಡ್ಡು ಕಡಿಮೆ ಕೊಡಿರೆಂದು ನಾವು ಹೇಳುತ್ತಿಲ್ಲ. ಕೊಡುವ ದುಡ್ಡು ಯಾವ ಕೆಲಸಕ್ಕೆಂಬುದನ್ನು ಬದಲಿಸಿ. ಟಾರ್ಚ್ ಆರಿಸಿ ಕಾಲು ಗಂಟೆ ಕತ್ತಲಲ್ಲಿ ನಿಲ್ಲಿಸಿ, ಒಂದೊಂದು ಕೂಗನ್ನೂ ಬೇರ್ಪಡಿಸಿ ಹೇಳಬಲ್ಲವನೇ ಬಲ್ಲವನು. ಕಣ್ಣಿಗೆ ಒಂದೂ ಬೀಳದಿದ್ದರೂ ಅವನಿಗೆ ಪೂರ್ತಿ ಹಣ, ಮೇಲೊಂದಿಷ್ಟು ಮೆಚ್ಚುಗೆ. ಆರೇಳು ಮಂದಿಗಿಂತ ದೊಡ್ಡ ಗುಂಪನ್ನು ಒಲ್ಲೆನೆನ್ನುವವನು, "ಅಪ್ಪಾ ಮಗಾ, ಮುಟ್ಟಬೇಡ" ಎಂದು ನಮ್ಮ ಮಗುವನ್ನು ತಡೆಯುವವನು ಒಳ್ಳೆಯ ಮಾರ್ಗದರ್ಶಿ; ಅವನ ಮೇಲೆ ಮುನಿಸಿಕೊಂಡು ಜಾಲದಲ್ಲಿ ಒಂದು ನಕ್ಷತ್ರ ಕಡಿಮೆ ಕೊಡುವುದು ಅನ್ಯಾಯ. ಅಪರೂಪದ ಕಪ್ಪೆ ಕಂಡ ಜಾಗದ ಗುರುತನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚುವ ಚಪಲವನ್ನೂ ಬಿಡಬೇಕು.

ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದಕ್ಕಿಂತ ನಮ್ಮ ಸದಸ್ಯರನ್ನು ಒಂದು ಮಾತಿಗೆ ಒಪ್ಪಿಸುವುದು ಕಷ್ಟವೆಂದು ಬಲ್ಲೆವು. ಆದರೂ ಕೇಳುತ್ತೇವೆ: 'ಕಪ್ಪೆ ದರ್ಶನ ಖಚಿತ' ಎನ್ನುವ ಯಾವ ಪ್ರವಾಸದ ಜಾಹೀರಾತನ್ನೂ ಈ ಪತ್ರಿಕೆಯಲ್ಲಿ ಹಾಕಬಾರದು. ಜುಲೈಗೆ ಟಿಕೆಟ್ ಕಾದಿರಿಸಿದವರು ಹೊರಡುವ ವಾರದ ಮುಂಚೆಯೇ ಬೂಟುಗಳನ್ನು ಉಜ್ಜಿ ತೊಳೆದು, ಪೂರ್ತಿ ಒಣಗಿಸಿ ಪೆಟ್ಟಿಗೆಗೆ ಹಾಕಲಿ. ಇಲ್ಲಿನ ಜುಲೈ ಬಿಸಿಲು ಸಾಲದು, ಹೀಟರಿನ ಮುಂದಿಡಿ.