ಹಸುರೊಂದು, ಬಗೆ ಹಲವು

ಜೂನ್ ತಿಂಗಳಿನಲ್ಲಿ ಮಳೆ ಹಿಡಿಯಿತೆಂದರೆ ಮಂಗಳೂರು ನಗರದ ಬಣ್ಣವೇ ಬದಲಾಗುತ್ತದೆ. ಮುರಕಲ್ಲಿನ ಪಾಗಾರ, ಬಾವಿಯ ಕಟ್ಟೆ, ಹಂಚಿನ ಮಾಡು, ಮನೆಯ ಅಂಗಳ ಎಲ್ಲವೂ ಹಸುರನ್ನು ಹೊದೆಯುತ್ತವೆ. ಕಾಲು ಜಾರದಿರಲೆಂದು ಜನರು ಅಂಗಳದಲ್ಲಿ ತೆಂಗಿನ ಮಡಲನ್ನೋ ಅಡಕೆ ಮರದ ಸೀಳುಗಳನ್ನೋ ಹಾಸುತ್ತಾರೆ. ಕೆರೆಯಲ್ಲಿ ತೇಲುವುದೂ ಪಾಚಿ, ಗೋಡೆಗೆ ಅಂಟುವುದೂ ಪಾಚಿ. ಅದು ಕೆರೆದು ತೆಗೆಯಬೇಕಾದ ಕೊಳೆ ಎಂಬುದೇ ಸಾಮಾನ್ಯರ ಎಣಿಕೆ. ಈ ಎಣಿಕೆ ಎಷ್ಟರ ಮಟ್ಟಿಗೆ ಸರಿ?

ಕೆರೆಯ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ ಉತ್ತರ ದೊರೆಯುತ್ತದೆ. ಸ್ಪೈರೋಗೈರಾದ ಎಳೆಯೊಳಗೆ ಹಸುರು ಪಟ್ಟಿಯೊಂದು ಸುರುಳಿ ಸುತ್ತಿಕೊಂಡಿರುತ್ತದೆ. ಕಾಸ್ಮೇರಿಯಂ ನಡು ಸಣ್ಣಗಾದ ಒಂದೇ ಕೋಶ. ಅದರ ಎರಡು ಅರ್ಧಗಳು ಕನ್ನಡಿಯ ಬಿಂಬದಂತೆ ಒಂದನ್ನೊಂದು ಹೋಲುತ್ತವೆ. ಕ್ಲಾಮಿಡೋಮೊನಾಸ್ ಎರಡು ಕಶಾಂಗಗಳನ್ನು ಬೀಸುತ್ತ ಈಜುತ್ತದೆ. ಅಂಥ ನೂರಾರು, ಸಾವಿರಾರು ಕೋಶಗಳು ಕೂಡಿ ಉರುಳುವ ಚೆಂಡೇ ವಾಲ್ವಾಕ್ಸ್. ಜನರು ಕೊಳೆಯೆಂದು ಕರೆದುದರೊಳಗೆ ಇಷ್ಟೊಂದು ವೈವಿಧ್ಯ ಅಡಗಿದೆ.

ಇವನ್ನು ವಿಂಗಡಿಸುವ ಕೆಲಸ ಸುಲಭವಾಗಿರಲಿಲ್ಲ. 1753ರಲ್ಲಿ ಲಿನೇಯಸ್ ಪಾಚಿಗಳನ್ನು ಹೂ ಕಾಣದ ಇತರ ಸಸ್ಯಗಳೊಡನೆ ಒಂದೇ ವರ್ಗದಲ್ಲಿರಿಸಿದನು. 1836ರಲ್ಲಿ ಐರ್ಲೆಂಡಿನ ಹಾರ್ವಿಯು ಬಣ್ಣವನ್ನು ಆಧಾರವಾಗಿಟ್ಟುಕೊಂಡು ಅವನ್ನು ಗುಂಪು ಮಾಡಿದನು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಹಸುರಾಗಿರುವುದೆಲ್ಲ ಹಸುರು ಪಾಚಿಯೂ ಅಲ್ಲ. ಅಂಗಳದಲ್ಲಿ ಕಾಲು ಜಾರಿಸುವ ಕಪ್ಪುಹಸುರು ಪೊರೆಯಲ್ಲಿ ಅನೇಕ ವೇಳೆ ಇರುವವು ನೀಲಿ-ಹಸುರು ಪಾಚಿಗಳು. ಇವುಗಳ ಕೋಶದಲ್ಲಿ ಪೊರೆಯಿಂದ ಆವೃತವಾದ ಕೋಶಕೇಂದ್ರವಿಲ್ಲದ ಕಾರಣ ಇಂದು ಇವನ್ನು ಬ್ಯಾಕ್ಟೀರಿಯಾಗಳೆಂದೇ ಗಣಿಸುತ್ತಾರೆ. ಇದಕ್ಕೆ ವಿರುದ್ಧವಾಗಿ, ಕರಾವಳಿಯ ಗೋಡೆಗಳ ಮೇಲೂ ಮರದ ಕಾಂಡಗಳ ಮೇಲೂ ಕಾವಿ ಬಳಿದಂತೆ ಕಾಣುವ ಟ್ರೆಂಟಿಪೋಲಿಯಾ ನಿಜವಾಗಿ ಹಸುರು ಪಾಚಿಯೇ. ಕಿತ್ತಳೆ ಬಣ್ಣದ ವರ್ಣದ್ರವ್ಯವು ಅದರ ಹಸುರನ್ನು ಮರೆಮಾಡಿರುತ್ತದೆ, ಅಷ್ಟೆ.

ರೂಪವೂ ಬಣ್ಣದಂತೆಯೇ ಮೋಸಗೊಳಿಸಬಲ್ಲದು. ಮಂಗಳೂರು ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಮದ್ರಾಸಿನ ವಿದ್ವಾಂಸರಾದ ಎಂ.ಒ.ಪಿ. ಅಯ್ಯಂಗಾರ್ಯರು (1886–1963) ಒದ್ದೆ ಮಣ್ಣಿನಲ್ಲಿ ಬೆಳೆಯುವ ಒಂದು ಹಸುರು ಪಾಚಿಯನ್ನು ಗುರುತಿಸಿ, 1932ರಲ್ಲಿ ಅದಕ್ಕೆ ಫ್ರಿಟ್ಶಿಯೆಲ್ಲಾ ಎಂದು ಹೆಸರಿಟ್ಟರು. ಮಣ್ಣೊಳಗೂ ಮಣ್ಣಿನ ಮೇಲೂ ಕವಲೊಡೆಯುವ ಅದರ ದೇಹವನ್ನು ಕಂಡು, ನೆಲದ ಸಸ್ಯಗಳ ಮೂಲಪುರುಷ ಇಂಥದೇ ಇದ್ದಿರಬೇಕೆಂದು ಹಲವರು ಊಹಿಸಿದರು. ಮುಂದೆ ಕೋಶ ವಿಭಜನೆಯ ರೀತಿಯನ್ನೂ ವಂಶವಾಹಿಗಳನ್ನೂ ಪರಿಶೀಲಿಸಿದಾಗ ಬೇರೆಯೇ ನಂಟು ಹೊರಬಿದ್ದಿತು. ಭತ್ತಕ್ಕೂ ತೆಂಗಿಗೂ ಹತ್ತಿರದ ದಾಯಾದಿ ಫ್ರಿಟ್ಶಿಯೆಲ್ಲಾ ಅಲ್ಲ. ಕೆರೆಯಲ್ಲಿ ತೇಲುವ ಸ್ಪೈರೋಗೈರಾ ಮತ್ತು ಕಾಸ್ಮೇರಿಯಂಗಳ ಬಳಗ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ವಿಜ್ಞಾನಿಗಳಿಗೂ ಸಲ್ಲುತ್ತದೆ.

ಇಷ್ಟು ಹೆಸರುಗಳ ಹೊರೆ ಏಕೆ ಎಂದು ಕೆಲವರು ಕೇಳುವುದುಂಟು. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುವುದಾದರೆ ಅದು ಹೊರೆಯೇ ಸರಿ. ಆದರೆ ವೈದ್ಯನಿಗೆ ಜ್ವರವೆಂಬ ಒಂದೇ ಮಾತು ಸಾಲದಿರುವಂತೆ, ಕೆರೆಯನ್ನು ಕಾಯುವವನಿಗೆ ಪಾಚಿ ಎಂಬ ಒಂದೇ ಮಾತು ಸಾಲದು. ಕಾಸ್ಮೇರಿಯಂನಂಥವುಗಳಲ್ಲಿ ಹಲವು ತಿಳಿಯಾದ ನೀರನ್ನು ಬಯಸುತ್ತವೆ. ಚರಂಡಿಯ ನೀರು ಸೇರಿದೆಡೆ ಬಗೆಗಳು ಕಡಿಮೆಯಾಗಿ, ಕೊಳೆಯನ್ನು ಸಹಿಸಬಲ್ಲ ಕೆಲವೇ ಜಾತಿಗಳು ದಟ್ಟವಾಗಿ ಹಬ್ಬುತ್ತವೆ. ಎರಡು ಕೆರೆಗಳೂ ದೂರದಿಂದ ಹಸುರಾಗಿಯೇ ಕಾಣುತ್ತವೆ. ಒಂದು ಆರೋಗ್ಯದ ಹಸುರು, ಇನ್ನೊಂದು ರೋಗದ ಹಸುರು. ಬಗೆಯರಿತವನು ಮಾತ್ರ ಇವುಗಳ ಅಂತರವನ್ನು ಹೇಳಬಲ್ಲನು.

ಗುಜ್ಜರಕೆರೆ, ಕಾವೂರು ಕೆರೆ, ಕದ್ರಿಯ ದೇವಸ್ಥಾನದ ಕೊಳಗಳು ಮಂಗಳೂರಿಗೆ ಹಿರಿಯರಿಂದ ಬಂದ ಆಸ್ತಿ. ನಗರ ಬೆಳೆದಂತೆ ಕೆರೆಗಳ ದಡಕ್ಕೆ ಕಲ್ಲು ಕಟ್ಟುವುದು, ದೀಪ ಹಚ್ಚುವುದು ನಡೆಯುತ್ತದೆ. ಅದು ಬೇಡವೆಂದಲ್ಲ, ಆದರೆ ಕೆರೆಯೆಂದರೆ ದಡವಷ್ಟೇ ಅಲ್ಲ, ನೀರೊಳಗಿನ ಜೀವಸಂಕುಲವೂ ಹೌದು. ನೀರಿನ ಹುಳುವಿಗೂ ಮೀನಿಗೂ ಆಹಾರದ ಮೊದಲ ತುತ್ತು ಈ ಹಸುರು ಕಣಗಳಿಂದಲೇ ದೊರೆಯುತ್ತದೆ. ಊರಿನ ಶಾಲೆಗಳಲ್ಲಿ ವರ್ಗೀಕರಣದ ಪಾಠವು ಹಲಗೆಯ ಮೇಲಿನ ಪಟ್ಟಿಯಾಗಿ ಮುಗಿಯದೆ, ಹತ್ತಿರದ ಕೆರೆಯ ಒಂದು ಹನಿಯಿಂದ ಆರಂಭವಾಗಬೇಕು. ತನ್ನ ಊರಿನ ನೀರಿನಲ್ಲಿ ಯಾರು ಯಾರು ಬಾಳುತ್ತಿದ್ದಾರೆಂದು ಅರಿತ ಮಕ್ಕಳು ಮುಂದೆ ಆ ನೀರಿಗೆ ಕೊಳೆ ಹರಿಸಲು ಸುಲಭವಾಗಿ ಒಪ್ಪಲಾರರು.