‘ಕೆಲಸ ತಿಳಿದಿಲ್ಲ’ ಎಂಬ ಷರಾ

ರಜೆಗೆ ಶ್ರೀರಾಂಪುರಕ್ಕೆ ಬಂದಿದ್ದೆ. ಅಮ್ಮ ಪಲ್ಯಕ್ಕೆ ಬೀನ್ಸಿನ ನಾರು ತೆಗೆಯುತ್ತಿದ್ದರು. ಪಕ್ಕದಲ್ಲಿ ಕೂತು ನಾನು ಮೊಬೈಲಿನಲ್ಲಿ ಅದೇ ಬೀನ್ಸಿನ ವಂಶವಾಹಿಗಳ ಪಟ್ಟಿ ನೋಡುತ್ತಿದ್ದೆ. ಎಷ್ಟೋ ಕಡೆ ಒಂದೇ ಷರಾ: ಈ ಪ್ರೋಟೀನಿನ ಕೆಲಸ ತಿಳಿದಿಲ್ಲ.

ಬೀನ್ಸಿನ ಜೀನೋಮ್ 2014ರಲ್ಲೇ ಪ್ರಕಟವಾಗಿದೆ. 11 ಜೋಡಿ ವರ್ಣತಂತುಗಳಲ್ಲಿ ಪ್ರೋಟೀನ್ ತಯಾರಿಸುವ ಸುಮಾರು 27 ಸಾವಿರ ವಂಶವಾಹಿಗಳು. ಹೆಚ್ಚಿನವನ್ನು ಗುರುತಿಸಿದ್ದು ಕಂಪ್ಯೂಟರ್ ಪ್ರೋಗ್ರಾಂ. ಬೇರೆ ಗಿಡದ ಪರಿಚಿತ ವಂಶವಾಹಿಯನ್ನು ಹೋಲಿದರೆ ಅದರ ಹೆಸರೇ ಇದಕ್ಕೂ. ಹೋಲಿಕೆ ಸಿಗದಿದ್ದರೆ ಈ ಷರಾ.

ರೈತರಿಗೆ ಇದರಿಂದೇನು? ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಾರಿಲ್ಲದ ‘ಅರ್ಕಾ ಸುವಿಧಾ’, ತುಕ್ಕು ರೋಗ ತಡೆಯುವ ‘ಅರ್ಕಾ ಅನೂಪ್’ ತಳಿಗಳನ್ನು ಕೊಟ್ಟಿದೆ. ನಾರು, ರೋಗನಿರೋಧಕ ಶಕ್ತಿ ಎಲ್ಲದರ ಹಿಂದೆಯೂ ವಂಶವಾಹಿಗಳೇ. ಮುಂದಿನ ತಳಿಗೆ ಬೇಕಾದ ಗುಣ ಆ ಷರಾ ಹೊತ್ತವುಗಳಲ್ಲೂ ಇರಬಹುದು.

‘ಅದು ಬಯೋಟೆಕ್‌ನವರ ಕೆಲಸ’ ಎನ್ನುತ್ತಾರೆ ನನ್ನ ಬಿಇ ಗೆಳೆಯರು. ನಾನು ಒಪ್ಪುವುದಿಲ್ಲ. ದತ್ತಾಂಶ ಉಚಿತ, ಶುರು ಮಾಡಲು ಲ್ಯಾಪ್‌ಟಾಪ್ ಸಾಕು. ಅಂತಿಮ ವರ್ಷಕ್ಕೆ ಅದೇ ಹಾಜರಾತಿ ಆ್ಯಪ್, ಅದೇ ಗ್ರಂಥಾಲಯ ಆ್ಯಪ್ (ಕೆಲವರದು ದುಡ್ಡು ಕೊಟ್ಟು ತಂದದ್ದು!) ಒಪ್ಪಿಸುವ ಬದಲು, ಕಾಲೇಜುಗಳು ಕೃಷಿ ವಿಶ್ವವಿದ್ಯಾಲಯಗಳ ಜತೆ ಸೇರಿ ತಂಡಕ್ಕೊಂದು ವಂಶವಾಹಿ ಕೊಡಲಿ. ಅದು ಬೇರಿನಲ್ಲಿ ಚುರುಕಾಗಿದೆಯೇ, ಹೂವಿನಲ್ಲೇ, ನೀರಿನ ಕೊರತೆಯಾದಾಗಲೇ? ಹುಡುಕೋಣ. ನಮ್ಮ ಉತ್ತರವೂ ಊಹೆಯೇ ಇರುತ್ತದೆ, ಗಿಡದಲ್ಲಿ ಪರೀಕ್ಷೆ ಆಗಲೇಬೇಕು. ಆದರೆ ಸಾವಿರಾರರಲ್ಲಿ ಮೊದಲು ಯಾವುದನ್ನು ಪರೀಕ್ಷಿಸಬೇಕೆಂದು ಹೇಳಬಹುದು.

ಇದರಿಂದ ಕೆಲಸ ಸಿಗುತ್ತದೆಯೇ? ಖಾತರಿ ಕೊಡಲಾರೆ. ಸಂದರ್ಶನದಲ್ಲಿ ‘ನೀವೇನು ಮಾಡಿದ್ದೀರಿ?’ ಎಂದು ಕೇಳಿದರೆ ಹೇಳಿಕೊಳ್ಳಲು ಸ್ವಂತದ್ದೊಂದು ಇರುತ್ತದೆ.