ಖತ್ನಾ: ಹೆಣ್ಣುಮಕ್ಕಳಿಗೆ ಸ್ಪಷ್ಟ ಕಾನೂನಿನ ರಕ್ಷಣೆ ಬೇಕು

ಮುಸ್ಲಿಮರ ದಾವೂದಿ ಬೊಹ್ರಾ ಸಮುದಾಯದ ಅನೇಕ ಕುಟುಂಬಗಳಲ್ಲಿ ಹೆಣ್ಣುಮಗುವಿಗೆ ಏಳು ವರ್ಷದ ಆಸುಪಾಸಿನಲ್ಲಿ ‘ಖತ್ನಾ’ ಅಥವಾ ‘ಖಫ್ಜ್’ ಮಾಡಿಸುವ ರೂಢಿಯಿದೆ. ಭಗಾಂಕುರದ ಮೇಲಿನ ತೆಳುಚರ್ಮವನ್ನು, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನದನ್ನೂ, ಕತ್ತರಿಸುತ್ತಾರೆ. ತಿಂಡಿ ಕೊಡಿಸುವ ನೆಪ ಹೇಳಿ ಅಜ್ಜಿಯೋ ಸೋದರತ್ತೆಯೋ ಮಗುವನ್ನು ಕರೆದೊಯ್ಯುತ್ತಾರೆ. ಗುರುತಿಲ್ಲದ ಕೋಣೆಯಲ್ಲಿ ಮಲಗಿಸಿ, ಕಾಲುಗಳನ್ನು ಒತ್ತಿ ಹಿಡಿಯುತ್ತಾರೆ. ಯಾರಿಗೂ ಹೇಳಬೇಡ ಎಂದು ಆಮೇಲೆ ತಾಕೀತು. ಇದನ್ನೆಲ್ಲ ಬಯಲಿಗೆ ತಂದವರು ಅದೇ ಸಮುದಾಯದಲ್ಲಿ ಹುಟ್ಟಿ, ಆ ನೋವು ಉಂಡು, ದೊಡ್ಡವರಾದ ಮೇಲೆ ಬಾಯಿಬಿಟ್ಟ ಹೆಂಗಸರು. ಹೊರಗಿನವರ ದೂಷಣೆ ಎಂದು ತಳ್ಳಿಹಾಕುವಂತಿಲ್ಲ.

ಹೆಣ್ಣುಮಕ್ಕಳ ಜನನಾಂಗದ ಇಂಥ ಕತ್ತರಿಕೆಯಿಂದ ಆರೋಗ್ಯಕ್ಕೆ ಯಾವ ಪ್ರಯೋಜನವೂ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಯುನಿಸೆಫ್‌ನ 2024ರ ಅಂದಾಜಿನಂತೆ ಜಗತ್ತಿನಲ್ಲಿ ಇದಕ್ಕೆ ಒಳಗಾದ ಹೆಣ್ಣುಮಕ್ಕಳು 23 ಕೋಟಿಗೂ ಹೆಚ್ಚು. ಬ್ರಿಟನ್ 1985ರಲ್ಲಿ, ಕೀನ್ಯಾ 2011ರಲ್ಲಿ, ಗ್ಯಾಂಬಿಯಾ 2015ರಲ್ಲಿ ಇದನ್ನು ನಿಷೇಧಿಸಿದವು. ಗ್ಯಾಂಬಿಯಾದಲ್ಲಿ ನಿಷೇಧ ತೆಗೆಯುವ ಮಸೂದೆ ಬಂದಾಗ 2024ರಲ್ಲಿ ಅಲ್ಲಿನ ಸಂಸತ್ತು ಅದನ್ನು ತಿರಸ್ಕರಿಸಿತು. ಆಸ್ಟ್ರೇಲಿಯಾದ ಬೊಹ್ರಾ ಕುಟುಂಬವೊಂದರ ಪ್ರಕರಣದಲ್ಲಿ 2019ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಕೊಟ್ಟ ತೀರ್ಪು ಇನ್ನೂ ಮುಖ್ಯವಾದುದು: ಗಾಯ ಎಷ್ಟೇ ಚಿಕ್ಕದಿರಲಿ, ಕೊಯ್ದರೆ ಅಪರಾಧವೇ.

ಕಾನೂನು ಇದ್ದಲ್ಲಿ ಏನಾಗುತ್ತದೆ ಎಂಬುದಕ್ಕೆ 2016 ಸಾಕ್ಷಿ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳ ಹಲವು ಬೊಹ್ರಾ ಜಮಾತ್‌ಗಳು (ಸ್ಥಳೀಯ ಸಮುದಾಯ ಸಂಘಟನೆಗಳು), ದೇಶದ ಕಾನೂನು ಪಾಲಿಸಿ, ಖತ್ನಾ ಮಾಡಿಸಬೇಡಿ ಎಂದು ತಮ್ಮ ಸದಸ್ಯರಿಗೆ ಪತ್ರ ಬರೆದವು. ಧರ್ಮಗುರು ಸೈಯದ್ನಾ ಮುಫದ್ದಲ್ ಸೈಫುದ್ದೀನ್ ಅವರ ಹೇಳಿಕೆ ಇದನ್ನು ಧಾರ್ಮಿಕ ವಿಧಿ ಎಂದೇ ಕರೆದರೂ ನೆಲದ ಕಾನೂನನ್ನು ಗೌರವಿಸಬೇಕೆಂದಿತು. ಭಾರತದ ಜಮಾತ್‌ಗಳಿಗೆ ಅಂಥ ಪತ್ರ ಬರೆಯುವ ಕಾರಣವೇ ಇರಲಿಲ್ಲ, ಏಕೆಂದರೆ ಇಲ್ಲಿ ಪ್ರತ್ಯೇಕ ಕಾನೂನಿಲ್ಲ.

ಖತ್ನಾ ನಿಷೇಧ ಕೋರಿ ಸುಪ್ರೀಂ ಕೋರ್ಟಿಗೆ 2017ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ಅದೇ ವರ್ಷ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ, ಇಂಥ ಪದ್ಧತಿಗೆ ಅಧಿಕೃತ ಅಂಕಿಅಂಶವಿಲ್ಲ ಎಂದಿತು. ಎಣಿಸದೇ ಹೋದದ್ದನ್ನು ಇಲ್ಲವೆಂದರೆ ಆ ಹೆಂಗಸರ ಮಾತಿಗೆ ಬೆಲೆಯೆಲ್ಲಿ? ಮರುವರ್ಷ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ನಿಷೇಧವನ್ನು ಬೆಂಬಲಿಸಿದರು. ಪ್ರಶ್ನೆ ಮಾತ್ರ ಸಂವಿಧಾನ ಪೀಠಕ್ಕೆ ಹೋಯಿತು, ಆಮೇಲೆ ಶಬರಿಮಲೆ ದೇವಸ್ಥಾನಕ್ಕೆ ಮಹಿಳೆಯರ ಪ್ರವೇಶದ ವಿಚಾರದೊಂದಿಗೆ ಸೇರಿಕೊಂಡಿತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯೂ ಗಾಯಗೊಳಿಸುವಿಕೆಯ ಕಲಮುಗಳೂ ಅನ್ವಯಿಸುತ್ತವೆಂಬ ವಾದ ಬಲವಾದದ್ದೇ. ಆದರೆ ಮನೆಯ ಹಿರಿಯರಿಗೆ ಎದುರಾಡಬೇಕಾದ ತಾಯಿಗೆ ಬೇಕಿರುವುದು ವಾದವಲ್ಲ, ಬರಹದಲ್ಲಿರುವ ನಿಷೇಧ.

ಗಂಡುಮಕ್ಕಳ ಸುನ್ನತಿಗೆ ಇಲ್ಲದ ತಡೆ ಇದಕ್ಕೇಕೆ ಎಂದು ಸಮರ್ಥಕರು ಕೇಳುತ್ತಾರೆ. ಅದು ಬೇರೆ ಚರ್ಚೆ, ನಡೆಯಬೇಕಾದದ್ದೂ ಹೌದು: ಸುನ್ನತಿ ದೇಹಕ್ಕೆ ಮಾಡುವ ಗಾಯವೆಂದ ಕಲೋನ್ ನ್ಯಾಯಾಲಯದ ತೀರ್ಪಿನ ಬಳಿಕ ಜರ್ಮನಿ 2012ರಲ್ಲಿ ಅದನ್ನು ಷರತ್ತುಗಳೊಡನೆ ಕಾನೂನಿನ ಚೌಕಟ್ಟಿಗೆ ತಂದಿತು. ಹುಡುಗರ ಪ್ರಶ್ನೆ ಇತ್ಯರ್ಥವಾಗುವವರೆಗೆ ಹುಡುಗಿಯರು ಕಾಯಬೇಕೆಂಬುದು ನ್ಯಾಯವಲ್ಲ.

ದಂಡಸಂಹಿತೆಯ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ರಾಜ್ಯಗಳೂ ಕಾನೂನು ಮಾಡಬಹುದು. ದೇವದಾಸಿ ಸಮರ್ಪಣೆಯನ್ನು 1982ರ ಕಾಯ್ದೆಯಿಂದ ನಿಷೇಧಿಸಿದ ಕರ್ನಾಟಕ, ಬೊಹ್ರಾ ಕುಟುಂಬಗಳು ಬೆಂಗಳೂರಿನಲ್ಲೂ ಇರುವಾಗ, ದೆಹಲಿಯ ದಾರಿ ಕಾಯಬೇಕಿಲ್ಲ. ನಾಗರಿಕರು ತಮ್ಮ ಶಾಸಕರನ್ನು ಕೇಳಬೇಕಾದದ್ದು ಇದನ್ನೇ: ಹೆಣ್ಣುಮಗುವಿನ ಗುಪ್ತಾಂಗದ ಮೇಲೆ ವೈದ್ಯಕೀಯ ಕಾರಣವಿಲ್ಲದ ಯಾವ ಕೊಯ್ತವೂ, ಆಸ್ಪತ್ರೆಯಲ್ಲಿ ವೈದ್ಯರೇ ಮಾಡಿದರೂ, ಪೋಷಕರ ಒಪ್ಪಿಗೆಯಿದ್ದರೂ, ಹೊರರಾಜ್ಯಕ್ಕೆ ಕರೆದೊಯ್ದು ಮಾಡಿಸಿದರೂ ಅಪರಾಧವೆಂದು ಕಾಯ್ದೆ ಹೇಳಬೇಕು. ಮಗುವಿಗೆ ಅಪಾಯವಿದೆಯೆಂದು ತಿಳಿದ ಶಿಕ್ಷಕರು, ನೆರೆಯವರು ಇಂದೇ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬಹುದು.